ಎದುರು ಮನೆಯ ಶೀಟು

ಮನೆಯ ಮುಂಗೋಡೆಯನ್ನು ಮನುಷ್ಯ ಯಾರ ಸಲುವಾಗಿ ಚಂದ ಮಾಡಿಸುತ್ತಾನೆ ಎಂದು ನಾನು ಆಗಾಗ ಯೋಚಿಸುವುದುಂಟು. ತನ್ನ ಸಲುವಾಗಿಯಂತೂ ಅಲ್ಲ. ಅವನು ಇರುವುದು ಒಳಗೆ. ಹೊರಗೆ ಹೊರಟಾಗ ಗೋಡೆ ಬೆನ್ನ ಹಿಂದೆ ಉಳಿಯುತ್ತದೆ. ಮರಳಿ ಬರುವಾಗ ಅವನ ಲಕ್ಷ್ಯವೆಲ್ಲ ಒಳಗಿನಿಂದ ಬರುವ ಒಗ್ಗರಣೆಯ ವಾಸನೆಯ ಮೇಲಿರುತ್ತದೆ. ಆ ಗೋಡೆಯನ್ನು ಮುಂಜಾನೆಯಿಂದ ಸಂಜೆಯತನಕ ನೋಡಬೇಕಾದವನು ಎದುರು ಮನೆಯವನು. ಅಂದರೆ ನನ್ನ ಗೋಡೆಯ ಸುಖದುಃಖ ಎದುರಿನವನ ಪಾಲಿಗೆ, ಎದುರಿನವನ ಗೋಡೆಯದು ನನ್ನ ಪಾಲಿಗೆ. ಇಷ್ಟು ದೊಡ್ಡ ವ್ಯವಹಾರದಲ್ಲಿ ಯಾರೂ ಯಾರನ್ನೂ ಒಂದು ಮಾತು ಕೇಳುವುದಿಲ್ಲ ಎಂಬುದು ನನ್ನ ಬಹಳ ದಿನದ ತಕರಾರಾಗಿತ್ತು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಎದುರು ಮನೆಯವರು ನಿಜವಾಗಿಯೂ ನನ್ನನ್ನು ಕೇಳಿಬಿಟ್ಟರು. ಕೇಳದೇ ಇದ್ದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು.

ನಾನು ಸವಣೂರಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಈ ಹುದ್ದೆಯ ಮಾನಮರ್ಯಾದೆ ಒಂದು ವಿಚಿತ್ರ. ಶಾಲೆಯೊಳಗೆ ಗಣಿತದ ಪಾಠ ಮುಗಿಯದೆ ಉಳಿದರೆ ಮೊದಲು ಬಲಿಯಾಗುವುದು ಚಿತ್ರಕಲೆಯ ಪಿರಿಯಡ್ಡು. ಶಾಲೆಯ ಹೊರಗೆ ಮಾತ್ರ ಬಣ್ಣ ಎಂಬುದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನಾನು ಬೇಕು. ಮದುವೆ ಮಂಟಪಕ್ಕೆ ಥರ್ಮೋಕೋಲಿನಲ್ಲಿ ಹೆಸರು ಕತ್ತರಿಸಲು ನಾನು, ರಂಗೋಲಿ ಸ್ಪರ್ಧೆಗೆ ತೀರ್ಪು ಕೊಡಲು ನಾನು, ಆಮೇಲೆ ಬಹುಮಾನ ಬಾರದ ಹೆಣ್ಣುಮಕ್ಕಳಿಂದ ಬೈಸಿಕೊಳ್ಳಲೂ ನಾನೇ. ಹೀಗಾಗಿ ನನಗೆ 'ಟೇಸ್ಟು' ಇದೆ ಎಂದು ಊರು ನಂಬಿದೆ. ಊರಿನ ಮಾತನ್ನು ಸುಳ್ಳು ಮಾಡಬಾರದೆಂದು ನಾನೂ ನಂಬಿದ್ದೆ. ನಂಬದಿದ್ದವಳು ನನ್ನ ಹೆಂಡತಿ ಗಿರಿಜಾ ಒಬ್ಬಳೇ. ಒಂದು ದೀಪಾವಳಿಗೆ ಸೀರೆ ಅಂಗಡಿಯಲ್ಲಿ ಅವಳಿಗೆ ನಾನು ಬೂದಿ ಬಣ್ಣದ ಸೀರೆ ಆರಿಸಿ, ಅಂಚು ಬೇಡವೆಂದೂ ಹೇಳಿ, ಅದರ ಗಾಂಭೀರ್ಯದ ಬಗ್ಗೆ ವಿವರಿಸಿದ್ದೆ. ಅವಳು ಅಂಗಡಿಯವನ ಕಡೆ ತಿರುಗಿ, "ಅಣ್ಣಾರ, ಇವರು ಇನ್ನೂ ಜೀವಂತ ಅದಾರಲ್ರೀ, ನನಗ ಇಂಥಾ ಸೀರಿ ಯಾಕ?" ಎಂದಿದ್ದಳು. ಅಂದಿನಿಂದ ನನ್ನನ್ನು ಸೀರೆ ಅಂಗಡಿಯ ಮೆಟ್ಟಿಲಲ್ಲಿ ಚಪ್ಪಲಿ ಕಾಯಲು ಕೂರಿಸುತ್ತಾಳೆ.

ನನ್ನ ಟೇಸ್ಟಿಗೆ ನಿಜವಾದ ಕಷ್ಟ ಶುರುವಾದದ್ದು ಪ್ಲಾಸ್ಟಿಕ್ ಶೀಟುಗಳು ಬಂದ ಮೇಲೆ. ನೀವೂ ನೋಡಿರುತ್ತೀರಿ. ಉದ್ದುದ್ದ ಪಟ್ಟಿಗಳು, ಒಂದರ ಅಂಚು ಇನ್ನೊಂದರ ಅಂಚಿನಲ್ಲಿ ಕೂರುತ್ತದೆ, ಹಳೆಯ ಗೋಡೆಯ ಮೇಲೆ ಹೊಡೆದುಬಿಟ್ಟರೆ ಒಂದೇ ದಿನದಲ್ಲಿ ಮನೆ ಹೊಸದು. ಮೊದಲು ಒಂದು ಕಟಿಂಗ್ ಶಾಪಿನ ಒಳಗೆ ಬಂದವು. ಅಲ್ಲಿ ತಲೆ ತಗ್ಗಿಸಿ ಕೂತಿರುತ್ತೇವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ಬಟ್ಟೆ ಅಂಗಡಿಗೆ ಬಂದವು, ಅಲ್ಲಿಂದ ನಮ್ಮ ಓಣಿಗೆ ಇಳಿದವು. ಒಂದು ಮನೆಗೆ ಸಂಗಮರವರಿ ಕಲ್ಲಿನ ಡಿಜೈನು, ಪಕ್ಕದ ಮನೆಗೆ ಇಟ್ಟಂಗಿಯ ಡಿಜೈನು. ಇಟ್ಟಂಗಿಯ ಗೋಡೆಯ ಮೇಲೆಯೇ ಇಟ್ಟಂಗಿ ಡಿಜೈನಿನ ಶೀಟು! ಒಬ್ಬರ ಮನೆಯ ಮೇಲಂತೂ ಬಿದಿರು. ಸಂಜೆ ಓಣಿಯಲ್ಲಿ ನಡೆದು ಬಂದರೆ ಸೂಟ್‌ಕೇಸಿನ ಅಂಗಡಿಯೊಳಗೆ ಹೊಕ್ಕಂತೆ ಆಗುತ್ತಿತ್ತು. ಚಿಕ್ಕೇರೂರಿನಲ್ಲಿ ನನ್ನ ಷಡ್ಡಕರ ಮನೆ ಇದೆ. ಅವರ ಪಡಸಾಲೆಯಲ್ಲಿ ಎರಡು ಕೈಯಿಂದ ತಬ್ಬಿದರೂ ಸಿಗದಂಥ ಸಾಗವಾನಿ ಕಂಬಗಳಿವೆ. ಅವಕ್ಕೆ ನೀಲಿ ಆಯಿಲ್ ಪೇಂಟು ಹೊಡೆಸಿ, ಹೊರಗಿನ ಗೋಡೆಗೆ ಸಾಗವಾನಿ ಡಿಜೈನಿನ ಶೀಟು ಹಾಕಿಸಿದ್ದಾರೆ. "ಅಲ್ರೀ, ಒಳಗ ಖರೇ ಸಾಗವಾನಿ ಇಟಗೊಂಡು..." ಎಂದು ನಾನು ಬಾಯಿ ತೆಗೆದರೆ, "ಅದು ಹಳೇದಾತು ತಗೀರಿ, ಇದು ಹೊಸಾ ಸಾಗವಾನಿ" ಎಂದರು. ಉತ್ತರ ಸರಿಯಾಗಿಯೇ ಇತ್ತು. ನನಗೆ ಎರಡು ದಿನ ಊಟ ರುಚಿಸಲಿಲ್ಲ ಎಂಬುದು ಬೇರೆ ಮಾತು.

ಆದರೂ ನನಗೊಂದು ಸಮಾಧಾನವಿತ್ತು. ನನ್ನ ಎದುರು ಮನೆಯ ಗೋಡೆ ಇನ್ನೂ ಹಳೆಯದಾಗಿಯೇ ಇತ್ತು. ಅದು ಖಾರದ ಖಾಸೀಂಸಾಬರ ಮನೆ. ಖಾರ ಎಂದರೆ ಮೆಣಸಿನ ಪುಡಿಯಲ್ಲ, ನಮ್ಮೂರಲ್ಲಿ ಕಡಲೆಹಿಟ್ಟಿನಲ್ಲಿ ಕರಿದು ಮಾಡುವ ತಿನಿಸು. ಅದನ್ನು ಮಾಡಿ ಮಾರುವುದು ಅವರ ಮನೆತನದ ಕಸುಬು. ಮನೆಯಲ್ಲಿ ಖಾಸೀಂಸಾಬರು, ಅವರ ಹೆಂಡತಿ ಜುಬೇದಾಬಿ, ಮಗಳು ಸಮೀನಾ, ಮತ್ತೆ ಖಾಸೀಂಸಾಬರ ತಾಯಿ ಮಾಬೂಬಿ ಅಜ್ಜಿ. ಪಡುವಣಕ್ಕೆ ಮುಖ ಮಾಡಿದ ಮಣ್ಣಿನ ಗೋಡೆ. ಅದರ ಮೇಲೆ ಯಾವ ಕಾಲದ್ದೋ ಸುಣ್ಣದ ಗಾರೆ. ಮಳೆ ಹೊಡೆದು ಹೊಡೆದು ಅಲ್ಲಲ್ಲಿ ಗಾರೆ ಉದುರಿ ಕೆಂಪು ಮಣ್ಣು ಇಣುಕುತ್ತಿತ್ತು, ಸೂರಿನ ಕೆಳಗೆ ಹಾವಸೆಯ ಹಸಿರು, ಕಿಟಕಿಯ ಮೇಲೆ ಖಾರದ ಒಲೆಯ ಹೊಗೆ ಕೂತು ಜೇನಿನ ಬಣ್ಣ. ಸಂಜೆಯ ಬಿಸಿಲು ಅದರ ಮೇಲೆ ಬಿದ್ದಾಗ ನಾನು ನಮ್ಮ ಕಟ್ಟೆಯ ಮೇಲೆ ಚಹಾ ಹಿಡಿದು ಕೂತರೆ ಚಹಾ ಆರಿಹೋದದ್ದು ತಿಳಿಯುತ್ತಿರಲಿಲ್ಲ. ಆ ಗೋಡೆಯನ್ನು ನಾನು ಜಲವರ್ಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮಕ್ಕಳಿಗೆ 'ಟೆಕ್ಸ್ಚರ್' ಎಂದರೇನು ಎಂದು ಹೇಳಿಕೊಡಬೇಕಾದಾಗ ಇಡೀ ಕ್ಲಾಸನ್ನು ಸಾಲಾಗಿ ನಿಲ್ಲಿಸಿ ಅದನ್ನೇ ತೋರಿಸಿದ್ದೂ ಉಂಟು. ಆಗ ಜುಬೇದಾಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಲಗುಬಗೆಯಿಂದ ಕದ ಮುಂದೆ ಮಾಡಿಕೊಂಡಿದ್ದರು. ಅಷ್ಟು ಜನರನ್ನು ಕಂಡ ನಾಚಿಕೆ ಎಂದು ನಾನು ತಿಳಿದಿದ್ದೆ.

ಒಂದು ದಿನ ಗಿರಿಜಾ ಸೊಪ್ಪು ಸೋಸುತ್ತ, "ಎದುರಿನವರು ಗೋಡಿಗೆ ಶೀಟ ಹಾಕ್ಸಾಕತ್ತಾರಂತ" ಎಂದಳು. ನಾನು ಎದ್ದು ಅಂಗಿ ಹಾಕಿಕೊಂಡೆ. "ಎಲ್ಲಿ ಹೊಂಟ್ರಿ?" ಎಂದಳು. "ತಿಳಿಸಿ ಹೇಳಿ ಬರ್ತೇನಿ." "ಅವರ ಗೋಡಿ ಅವರದು. ನೀವು ಹೋಗಿ ಏನ ಹೇಳ್ತೀರಿ?" ಎಂದು ಅವಳು ಕೇಳುವಷ್ಟರಲ್ಲಿ ನಾನು ಓಣಿ ದಾಟಿದ್ದೆ. ನಮ್ಮ ಓಣಿ ಅಗಲವಿಲ್ಲ. ಮನಸ್ಸು ಬದಲಾಯಿಸಲು ಬೇಕಾದಷ್ಟು ಹೊತ್ತು ಅದನ್ನು ದಾಟುವಾಗ ಸಿಗುವುದಿಲ್ಲ.

"ಬರ್ರಿ ಸರ, ಬರ್ರಿ ಒಳಗ. ನಾವ ನಿಮ್ಮನ್ನ ಕರೀಬೇಕಂತಿದ್ವಿ" ಎಂದರು ಜುಬೇದಾಬಿ. ಖಾಸೀಂಸಾಬರು ಕುರ್ಚಿ ಒರೆಸಿ ಕೊಟ್ಟರು. ಅವರು ಮಾತು ಕಡಿಮೆಯ ಮನುಷ್ಯ. ನಾನು ಕೂತವನೇ ಹಳೆಯ ಗಾರೆಯ ಸೊಬಗಿನ ಬಗ್ಗೆ, ಸುಣ್ಣ ಉಸಿರಾಡುವ ಬಗ್ಗೆ, ಪ್ಲಾಸ್ಟಿಕ್ಕಿನ ಅಂದಗೇಡಿತನದ ಬಗ್ಗೆ ಚೆನ್ನಾಗಿಯೇ ಮಾತಾಡಿದೆ. ಮಾತಾಡುವಾಗ ಹಿಂದಕ್ಕೆ ಒರಗಿದೆ. ಬೆನ್ನಿಗೆ ತಣ್ಣಗೆ ಹತ್ತಿತು. ತಿರುಗಿ ನೋಡಿದರೆ ಗೋಡೆಗೆ ಅಂಟಿಸಿದ್ದ ಗೋಣಿತಾಟು. ಅದರ ಹಿಂದೆ ನನ್ನ ಪ್ರೀತಿಯ ಗೋಡೆಯ ಒಳಮೈ. ಬೇಸಿಗೆಯಲ್ಲೂ ಅದು ಪೂರ್ತಿ ಒಣಗಿರಲಿಲ್ಲ. ಅದಕ್ಕೆ ಹತ್ತಿಯೇ ಮಾಬೂಬಿ ಅಜ್ಜಿಯ ಮಂಚ.

"ಮಳಿಗಾಲದಾಗ ಅಮ್ಮಾನ ಹಾಸಿಗಿ ದಿನಾ ಒಲಿ ಮುಂದ ಒಣಗಸ್ತೇವ್ರಿ" ಎಂದರು ಜುಬೇದಾಬಿ, ದೂರುವ ದನಿಯಲ್ಲಲ್ಲ, ಹಬ್ಬಕ್ಕೆ ಏನು ಅಡುಗೆ ಎಂದು ಹೇಳುವ ದನಿಯಲ್ಲಿ. "ಕೆಮ್ಮು ನಿಲ್ಲಂಗಿಲ್ಲ. ಗಾರಿ ಹೊಡಿಸಿದ್ರ ಮಣ್ಣ ಹಿಡ್ಯಾಂಗಿಲ್ಲ ಅಂತಾರ ಗೌಂಡ್ಯಾರು. ಶೀಟ ಹೊಡದ್ರ ಮಳಿ ಮೈಗೆ ಬಡ್ಯಾಂಗಿಲ್ಲಲ್ರಿ."

ಅಜ್ಜಿ ಮಂಚದ ಮೇಲಿಂದ ನನ್ನ ಕಡೆ ಬಗ್ಗಿ, "ಮಾಸ್ತರ, ಈ ಗೋಡಿ ಚಿತ್ರ ನೀ ಭಾಳ ಚಂದ ತಗೀತಿ ಅಂತಲ್ಲ ಬೇಟಾ. ಅದರಾಗ ತಂಪು ಬರತೈತೇನು?" ಎಂದು ಕೇಳಿದಳು. ಅಜ್ಜಿಗೆ ನಿಜವಾಗಿಯೂ ತಿಳಿಯುವ ಆಸೆಯಿತ್ತು. ಬರುವುದಿಲ್ಲ ಎಂದು ನಾನು ಒಪ್ಪಿಕೊಂಡೆ.

ನನ್ನ ಮನೆಯ ಗೋಡೆ ಮೂಡಣಕ್ಕೆ ಮುಖ ಮಾಡಿದೆ. ಪಡುವಣದ ಮಳೆ ಬಂದರೆ ಅದರ ಬೆನ್ನಿಗೆ ಬರುತ್ತದೆ, ಬೆನ್ನಿಗೆ ಪಕ್ಕದವರ ಮಾಳಿಗೆ ಮನೆ ಇದೆ. ಹಳೆಯ ಗೋಡೆಯ ಸೊಬಗನ್ನು ಸವಿಯಲು ಇಂಥ ಅನುಕೂಲ ಎಲ್ಲರಿಗೂ ಇರುವುದಿಲ್ಲ. ನಾನು ತೆಪ್ಪಗೆ ಎದ್ದು ಬರಬೇಕಾಗಿತ್ತು. ಅಷ್ಟರಲ್ಲಿ ಖಾಸೀಂಸಾಬರು ಒಂದೇ ಒಂದು ಮಾತಾಡಿದರು: "ಸರ, ಡಿಜೈನ ನೀವ ಆರಿಸಿ ಕೊಡ್ರಿ. ದಿನಾ ನೋಡಾವ್ರು ನೀವು." ಜಗತ್ತಿನಲ್ಲಿ ಯಾವ ಎದುರು ಮನೆಯವನಿಗೂ ಸಿಗದ ಗೌರವ ನನಗೆ ಸಿಕ್ಕಿತ್ತು. ಒಳಬಾಗಿಲ ಬಳಿ ನಿಂತಿದ್ದ ಸಮೀನಾ ಏನೋ ಹೇಳಲು ಬಂದು ತಂದೆಯ ಮುಖ ನೋಡಿ ಸುಮ್ಮನಾದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳಿಗೆ ಗಂಡು ನೋಡುತ್ತಿದ್ದರು. ಹಾನಗಲ್ಲಿನ ಒಂದು ಮನೆಯವರು ಸದ್ಯದಲ್ಲೇ ಬರುವವರಿದ್ದರು. ಮುಂಗೋಡೆಯ ಅವಸರಕ್ಕೆ ಅದೂ ಒಂದು ಕಾರಣ ಎಂದು ಆಮೇಲೆ ಗೊತ್ತಾಯಿತು.

ಶಿಗ್ಗಾವಿಯ ಶೀಟಿನ ಅಂಗಡಿಗೆ ಖಾಸೀಂಸಾಬರ ಗಾಡಿಯ ಮೇಲೆ ಹಿಂದೆ ಕೂತು ಹೋದೆ. ಅಂಗಡಿಯವನು ಉತ್ಸಾಹಿ. ಕಟ್ಟಿಗೆಯಲ್ಲೇ ಹನ್ನೊಂದು ತರಹ, ಮೇಲೆ ಬಂಗಾರದ ಪಟ್ಟಿ ಇದ್ದದ್ದು, ಇಲ್ಲದ್ದು. ಮಿಂಚು ಇದ್ದದ್ದು, ಮಿಂಚು ಜಾಸ್ತಿ ಇದ್ದದ್ದು. "ಇದು ನೋಡ್ರಿ ಸರ, ಚಿರತಿ ಚರ್ಮದ ಡಿಜೈನು. ಒಬ್ರು ದೇವರ ಮನಿಗೆ ಒಯ್ದಾರ" ಎಂದ. ನಾನು ಎಲ್ಲವನ್ನೂ ಸರಿಸಿ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಶೀಟನ್ನು ಎಳೆದೆ. ಕೆನೆ ಬಣ್ಣ. ಗೆರೆಯಿಲ್ಲ, ಹೂವಿಲ್ಲ, ಏನೂ ಇಲ್ಲ. ಹಳೆಯ ಸುಣ್ಣದ ಬಣ್ಣಕ್ಕೆ ಅದೇ ಹತ್ತಿರ. "ಇದು ಪ್ಲೇನ್ ಐತ್ರಿ ಸರ" ಎಂದ ಅಂಗಡಿಯವನು, ರೋಗಿಗೆ ಸುದ್ದಿ ಮುಟ್ಟಿಸುವವನಂತೆ. "ಅದಕ್ಕ ಬೇಕು" ಎಂದೆ. ಅವನು ಖಾಸೀಂಸಾಬರ ಮುಖ ನೋಡಿದ. "ಸರ ಹೇಳ್ಯಾರಂದ್ರ ಮುಗೀತು" ಎಂದರು ಅವರು. ಬರುವಾಗ ಗಾಡಿಯ ಹಿಂದೆ ಕೂತು ನಾನು ಒಬ್ಬನೇ ಇಡೀ ಓಣಿಯನ್ನು ತಿದ್ದಿ ಸರಿಮಾಡಿದಂತೆ ಹಿಗ್ಗುತ್ತಿದ್ದೆ.

ಶೀಟು ಹೊಡೆಯುವವರು ಬಂದು ಸಂಜೆಯ ಹೊತ್ತಿಗೆ ಕೆಲಸ ಮುಗಿಸಿದರು. ನಾನು ಚಹಾ ಹಿಡಿದು ಕಟ್ಟೆಗೆ ಬಂದೆ. ನೋಡಿದೆ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಅಂಗಡಿಯ ಕತ್ತಲೆಯಲ್ಲಿ ಸುಣ್ಣದಂತೆ ಕಂಡದ್ದು ಬಿಸಿಲಿಗೆ ಬಂದೊಡನೆ ಫ್ರಿಜ್ಜಿನಂತೆ ಹೊಳೆಯುತ್ತಿತ್ತು. ಬಾಗಿಲಿಗೆ ಮೊದಲಿನಿಂದಲೂ ಹಸಿರು ಪರದೆ ಇತ್ತು. ಬಾಗಿಲ ಮೇಲೆ ಟ್ಯೂಬ್‌ಲೈಟು. ಖಾರ ಒಯ್ಯಲು ಬಂದವರು ಕೂಡಲೆಂದು ಹೊರಗೊಂದು ಬೆಂಚು. ಇಷ್ಟು ದಿನ ಈ ಮೂರೂ ತಮ್ಮ ಪಾಡಿಗೆ ತಾವಿದ್ದವು. ಈಗ ಕೆನೆ ಬಣ್ಣ ಅವನ್ನೆಲ್ಲ ಒಟ್ಟುಗೂಡಿಸಿ ಒಂದು ಅರ್ಥ ಕೊಟ್ಟಿತ್ತು. ಆ ಅರ್ಥ ಏನೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಓಣಿಯವರು ಒಬ್ಬೊಬ್ಬರೇ ಬಂದು ನೋಡಿ, "ಭಾಳ ಸ್ವಚ್ಛ ಐತ್ರಿ" ಎಂದರು. ಒಬ್ಬರು ಯಾಕೋ ದನಿ ತಗ್ಗಿಸಿ ಮಾತಾಡಿದರು.

ಅರ್ಥ ಹೊಳೆಯಿಸಿದವನು ಹತ್ತಿಮತ್ತೂರಿನ ಕಡೆಯ ಒಬ್ಬ ರೈತ. ಮರುದಿನ ಮುಂಜಾನೆ ಗಲ್ಲಕ್ಕೆ ಟವೆಲ್ಲು ಕಟ್ಟಿಕೊಂಡು ಬಂದು ಆ ಬೆಂಚಿನ ಮೇಲೆ ಕೂತ. ಬಹಳ ಹೊತ್ತು ಯಾರೂ ಕರೆಯದಿದ್ದಾಗ ಪರದೆ ಸರಿಸಿ, "ಡಾಕ್ಟರು ಎಷ್ಟೊತ್ತಿಗೆ ಬರ್ತಾರ್ರಿ? ಹಲ್ಲು ಭಾಳ ತ್ರಾಸ ಕೊಡಾಕತ್ತೈತಿ" ಎಂದು ಕೇಳಿದ. ಜುಬೇದಾಬಿ ಗಾಬರಿಯಾದರು. ಮಾಬೂಬಿ ಅಜ್ಜಿ ಆಗಲಿಲ್ಲ. ಅವನನ್ನು ಒಳಗೆ ಕರೆದು, ಬಾಯಿ ತೆಗೆಸಿ ನೋಡಿ, ನಾಲ್ಕು ಲವಂಗ ಜಜ್ಜಿ ಹಲ್ಲಿಗೆ ಇಟ್ಟು ಕಳಿಸಿದಳು. ಅವನಿಗೆ ಆರಾಮಾಯಿತೆಂದು ಕಾಣುತ್ತದೆ. ಎರಡು ದಿನ ಬಿಟ್ಟು ತನ್ನ ತಮ್ಮನನ್ನೂ ಕರೆತಂದ. ಆಮೇಲೆ ಒಬ್ಬ ಹೆಣ್ಣುಮಗಳು ಕೂಸಿಗೆ ಸೂಜಿ ಹಾಕಿಸಬೇಕೆಂದು ಬಂದಳು. ಅಜ್ಜಿಯ ಕೆಮ್ಮು ಕಡಿಮೆಯಾಗಿತ್ತು, ಉಮೇದು ಬಂದಿತ್ತು. ದಿನಾ ಮುಂಜಾನೆ ತಲೆ ಬಾಚಿಕೊಂಡು ಬಾಗಿಲ ಕಡೆ ನೋಡುತ್ತ ಕೂರತೊಡಗಿದಳು. ಗಿರಿಜಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ಒಂದ ಬೋರ್ಡ ಬರದು ಕೊಡ್ರಿ ಅವರಿಗೆ" ಎಂದಳು. ನಾನು ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟೆ.

ಇಲ್ಲಿಯತನಕ ಇದು ನಗುವ ಮಾತಾಗಿತ್ತು. ಹಾನಗಲ್ಲಿನವರು ಬಂದದ್ದು ಅದರ ಮುಂದಿನ ಆದಿತ್ಯವಾರ. ನಾನು ಬನಿಯನ್-ಲುಂಗಿಯಲ್ಲಿ ಪಡಸಾಲೆಯಲ್ಲಿ ಕೂತು ಮಕ್ಕಳ ಚಿತ್ರಗಳನ್ನು ನೋಡುತ್ತಿದ್ದೆ. ಬಾಗಿಲಲ್ಲಿ ಮೂರು ಜನ: ಟೋಪಿ ಹಾಕಿಕೊಂಡ ಹಿರಿಯರು, ಬುರ್ಖಾದ ಒಬ್ಬ ಹೆಂಗಸು, ಅವರ ಹಿಂದೆ ಮಿಠಾಯಿ ಡಬ್ಬಿ ಹಿಡಿದ ಇನ್ನೊಬ್ಬ ಹೆಂಗಸು. ವಿದ್ಯಾರ್ಥಿಗಳ ತಂದೆತಾಯಿ ಇರಬೇಕೆಂದು ನಾನು, "ಬರ್ರಿ, ಕುಂದರ್ರಿ" ಎಂದು ಒಳಗೆ ಓಡಿ ಅಂಗಿ ಹಾಕಿಕೊಂಡು ಬಂದೆ. ಗಿರಿಜಾ ನೀರು ಕೊಟ್ಟಳು, ಚಹಾಕ್ಕೆ ಇಟ್ಟಳು. ಹಿರಿಯರು ಗೋಡೆಯ ಮೇಲಿನ ಬಸವಣ್ಣನ ಫೋಟೋ ನೋಡಿದರು, ನನ್ನ ಹಣೆಯ ವಿಭೂತಿ ನೋಡಿದರು, ಬುರ್ಖಾದ ತಮ್ಮ ಹೆಂಡತಿಯ ಮುಖ ನೋಡಿದರು. ಆ ಹೆಂಗಸು ಮೆಲ್ಲಗೆ, "ಹುಡುಗೀನ ಕರೀರಲ್ಲ" ಎಂದರು. "ಯಾವ ಕ್ಲಾಸ ಹುಡುಗಿ?" ಎಂದು ನಾನು ಕೇಳಿದೆ. ಕೊನೆಗೆ ಹಿರಿಯರು ಗಂಟಲು ಸರಿಮಾಡಿಕೊಂಡು, "ಇದು ಖಾರದ ಖಾಸೀಂಸಾಬ್ರ ಮನಿ ಅಲ್ಲೇನ್ರಿ?" ಎಂದರು.

"ಅಲ್ರೀ, ಅವರದು ಎದುರಿಂದು."

"ಎದುರಿಂದು ದವಾಖಾನಿ ಐತಲ್ರಿ! ಹಳೇ ಸುಣ್ಣದ ಗೋಡಿ ಮನಿ ಅಂತ ಹೇಳಿದ್ರು ನಮಗ. ಓಣ್ಯಾಗ ಹಳೇ ಗೋಡಿ ಇದೊಂದ ಐತಿ."

ನಾನು ಅವರನ್ನು ಕರೆದುಕೊಂಡು ಹೊರಗೆ ಬಂದೆ. ಅಂದು ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಒಬ್ಬನ ಕಾಲಿಗೆ ಪಟ್ಟಿ ಇತ್ತು. ಒಳಗಿನಿಂದ ಅಜ್ಜಿ, "ಮುಂದಿನಾವ್ರು ಬರ್ರಿ" ಎಂದು ಕೂಗಿದಳು. ಹುಡುಗನ ತಾಯಿ ಅಲ್ಲೇ ನಿಂತುಬಿಟ್ಟರು. ಗಂಡನ ಕಡೆ ತಿರುಗಿ ಕೇಳಿದ್ದು ನನಗೂ ಕೇಳಿಸಿತು: "ಮನ್ಯಾಗ ಯಾರಿಗೆ ಏನಾಗೇತಿ? ನಮಗ ಯಾಕ ಹೇಳಿಲ್ಲ?" ನಾನು ವಿವರಿಸಲು ಹೋದೆ. ಇಂಥ ವಿಷಯವನ್ನು ಅವಸರದಲ್ಲಿ ವಿವರಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಕೇಳಿದವರಿಗೆ ಅನಿಸುತ್ತದೆ. ಅವರು ಒಳಗೆ ಹೋದರು, ಚಹಾ ಕುಡಿದರು, ಸಮೀನಾಳನ್ನು ನೋಡಿದರು, ಅಜ್ಜಿ ಕೆಮ್ಮಿದಾಗೊಮ್ಮೆ ಒಬ್ಬರನ್ನೊಬ್ಬರು ನೋಡಿಕೊಂಡರು. "ತಿಳಸ್ತೇವಿ" ಎಂದು ಎದ್ದರು. ಮಿಠಾಯಿ ಡಬ್ಬಿ ಕೊಟ್ಟರೋ ಮರಳಿ ಒಯ್ದರೋ ಎಂದು ನಾನು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದೆ. ಒಯ್ದರು.

ಸಂಜೆ ನಾನು ಎದುರು ಮನೆಗೆ ಹೋದಾಗ ಖಾಸೀಂಸಾಬರು ಬಾಣಲೆ ತಿಕ್ಕುತ್ತಿದ್ದರು. ತಪ್ಪು ನಿಮ್ಮದು ಎಂದು ಯಾರಾದರೂ ಅಂದಿದ್ದರೆ ನನಗೆ ವಾದಿಸಲು ಒಂದು ದಾರಿ ಇರುತ್ತಿತ್ತು. ಅವರು ಅನ್ನಲಿಲ್ಲ. ಚಹಾ ತಂದವಳು ಸಮೀನಾ. ಅಳುತ್ತಿರಲಿಲ್ಲ, ಅತ್ತು ಮುಗಿಸಿದ್ದಳು. ಕಪ್ಪು ಇಟ್ಟು, ಹೋಗದೆ ನಿಂತಳು.

"ಸರ, ಒಂದ ಮಾತು ಹೇಳಲೇನ್ರಿ?"

"ಹೇಳವಾ."

"ನೀವು ಕ್ಲಾಸಿನ್ಯಾಗ ಯಾವಾಗ್ಲೂ ಹೇಳ್ತಿದ್ರಿ, ಹಾಳಿ ಮ್ಯಾಲ ಒಂದೀಟು ಖಾಲಿ ಜಾಗಾ ಬಿಡ್ರಿ, ಖಾಲಿ ಜಾಗಾನ ಚಂದ ಅಂತ. ನಮ್ಮ ಮನೀಗೆ ಖಾಲಿ ಜಾಗಾ ಭಾಳ ಆತ್ರಿ."

ಖಾಸೀಂಸಾಬರು ಬಾಣಲೆ ತಿಕ್ಕುವುದನ್ನು ನಿಲ್ಲಿಸಿ, ಹುಡುಗಿ ಮಾಸ್ತರಿಗೆ ಹೀಗೆ ಅಂದಳಲ್ಲ ಎಂದು ಕಣ್ಣು ಬಿಟ್ಟರು. ನನಗೆ ನಗು ಬಂತು. ಅದರ ಹಿಂದೆಯೇ ಇನ್ನೇನೋ ಬಂತು; ಅದನ್ನು ಚಹಾದೊಂದಿಗೆ ನುಂಗಿದೆ. "ನಿನಗ ಯಾವುದು ಬೇಕಾಗಿತ್ತವಾ?" ಎಂದು ಕೇಳಿದೆ. ಇದನ್ನು ಶಿಗ್ಗಾವಿಗೆ ಹೋಗುವ ಮುಂಚೆ ಕೇಳಬಹುದಿತ್ತು ಎಂದು ಕೇಳಿದ ಮೇಲೆ ಅನಿಸಿತು. ಅವಳು ತಡವರಿಸಲಿಲ್ಲ. ಕೆಳಗೆ ಸಾಗವಾನಿ, ಮೇಲೆ ಆಕಾಶ ನೀಲಿ, ನಡುವೆ ಬಂಗಾರದ ಪಟ್ಟಿ, ಬಾಗಿಲ ತಲೆಯ ಮೇಲೆ ನವಿಲು. "ನವಿಲು ಒಂದೋ ಎರಡೋ?" ಎಂದೆ. "ಎರಡು" ಎಂದಳು, ಮೊದಲ ಸಲ ನಕ್ಕು.

ಶೀಟೇನೋ ಬದಲಾಗಬಹುದು, ಹಾನಗಲ್ಲಿನವರ ಮನಸ್ಸಿನ ಸಂಶಯ ಬದಲಾಗಬೇಕಲ್ಲ. ಮರುದಿನ ರಜೆ ಹಾಕಿ ಖಾಸೀಂಸಾಬರೊಂದಿಗೆ ಬಸ್ಸು ಹತ್ತಿದೆ. ಹುಡುಗನ ತಂದೆಗೆ ಹಾನಗಲ್ಲಿನಲ್ಲಿ ಗಾದಿ ಹೊಲಿಯುವ ಅಂಗಡಿ. ಮನೆ ಅಂಗಡಿಯ ಹಿಂದೆಯೇ. ಹೋದವನೇ, "ಸಾಹೇಬ್ರ, ಅವರ ಮನ್ಯಾಗ ಯಾರಿಗೂ ಯಾವ ರೋಗಾನೂ ಇಲ್ರಿ. ಅಜ್ಜಿಗೆ ಥಂಡಿ ಕೆಮ್ಮು ಇತ್ತು, ಅದೂ ಹೋಗಾಕತ್ತೈತಿ. ರೋಗ ಇದ್ದದ್ದು ನನಗ. ಆ ಶೀಟ ಆರಿಸಿದಾವ ನಾನು" ಎಂದೆ. ನಡೆದದ್ದೆಲ್ಲವನ್ನೂ ಹೇಳಿದೆ: ನನ್ನ ಸುಣ್ಣದ ಪ್ರೀತಿ, ಹಲ್ಲುನೋವಿನ ರೈತ, ಅಜ್ಜಿಯ ಲವಂಗ. ಗಾದಿಯ ಅರಳೆ ಮೀಸೆಗೆ ಅಂಟಿದ್ದ ಆ ಹಿರಿಯರು ಮೊದಲು ಗಂಭೀರವಾಗಿ ಕೇಳಿದರು, ಲವಂಗ ಬಂದೊಡನೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅವರ ಹೆಂಡತಿ ನಗಲಿಲ್ಲ. ಈ ಮನೆಯಲ್ಲಿ ಮಾತು ಮುಗಿಯುವುದು ಯಾರ ಹತ್ತಿರ ಎಂದು ನನಗೆ ತಿಳಿಯಿತು.

ಆಕೆ ನನ್ನನ್ನು ದಿಟ್ಟಿಸಿ, "ನೀವು ಡ್ರಾಯಿಂಗ ಮಾಸ್ತರೇನ್ರಿ? ಹಂಗಾರ ಬರ್ರಿ, ನಮ್ಮ ಮನಿ ನೋಡ್ರಿ" ಎಂದು ಹೊರಗೆ ಕರೆದೊಯ್ದು ಮನೆಯ ಮುಂದೆ ನಿಲ್ಲಿಸಿದರು. ಅಂಗಡಿಯ ಕಡೆಯಿಂದ ಬಂದಿದ್ದರಿಂದ ನಾನು ಅದನ್ನು ನೋಡಿರಲಿಲ್ಲ. ಇಡೀ ಮುಂಗೋಡೆಯ ತುಂಬ ಒಂದೇ ಚಿತ್ರದ ಶೀಟು. ಮೇಲಿನಿಂದ ಒಂದು ಜಲಪಾತ ಬೀಳುತ್ತಿತ್ತು, ಅದಕ್ಕೆ ಮಿಂಚಿನ ಪುಡಿ. ಕೆಳಗೆ ಗುಲಾಬಿ ಬಣ್ಣದ ಕೆರೆ, ಕೆರೆಯಲ್ಲಿ ಎರಡು ಹಂಸ. ಕಿಟಕಿ ಇದ್ದಲ್ಲಿ ಜಲಪಾತವನ್ನು ಚೌಕಾಗಿ ಕತ್ತರಿಸಿದ್ದರು. ನೀರು ಕಿಟಕಿಯೊಳಗೆ ಹೋಗಿ ಕೆಳಗೆ ಮತ್ತೆ ಹೊರಬರುತ್ತಿತ್ತು. "ಹೆಂಗೈತ್ರಿ?" ಎಂದರು ಆಕೆ.

ಖಾಸೀಂಸಾಬರು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಬಾಯಿಂದ ಬರುವ ಒಂದು ಮಾತಿಗೆ ಸಮೀನಾಳ ಸಂಬಂಧ ನೇತುಬಿದ್ದಿತ್ತು. ಚಂದ ಐತಿ ಎಂದು ಸುಳ್ಳು ಹೇಳಿಬಿಡುವುದು ಸುಲಭ, ಆದರೆ ಆ ತಾಯಿಯ ಮುಖ ನೋಡಿದೆ. ರಂಗೋಲಿ ಸ್ಪರ್ಧೆಯಲ್ಲಿ ತೀರ್ಪುಗಾರ ಬಂದು ತನ್ನ ಚೌಕದ ಮುಂದೆ ನಿಂತಾಗ ಹೆಣ್ಣುಮಕ್ಕಳ ಮುಖ ಹೇಗಿರುತ್ತದೋ ಹಾಗಿತ್ತು. ಬಾಯಿಮಾತಿನ ಹೊಗಳಿಕೆ ಅವರಿಗೆ ಆ ಕ್ಷಣವೇ ತಿಳಿದುಬಿಡುತ್ತದೆ. ನಾನು ಗೋಡೆಯನ್ನು ಮತ್ತೆ ನೋಡಿದೆ. ಈ ಸಲ ನಿಜವಾಗಿಯೂ ನೋಡಿದೆ, ಸಿಟ್ಟು ಬಿಟ್ಟು. ಜಲಪಾತವನ್ನು ದಾಟಿ, ಗುಲಾಬಿ ಕೆರೆಯನ್ನು ದಾಟಿ, ಎಡಗಡೆಯ ಹಂಸಕ್ಕೆ ಬಂದೆ. ಯಾವ ಕಾರ್ಖಾನೆಯಲ್ಲಿ ಯಾರು ಅದನ್ನು ಬರೆದರೋ, ಆ ಹಂಸದ ಕುತ್ತಿಗೆಯ ಗೆರೆ ಎಲ್ಲಿಯೂ ತಡೆಯದೆ ಒಂದೇ ಉಸಿರಿಗೆ ಎಳೆದದ್ದು.

"ಎಡಗಡೆ ಹಂಸದ ಕುತ್ತಿಗಿ ನೋಡ್ರಿ" ಎಂದೆ. "ಇಷ್ಟ ಚಲೋ ಗೆರಿ ನಮ್ಮ ಹುಡುಗರಿಗೆ ಕಲಸ್ಬೇಕಂದ್ರ ಒಂದ ವರ್ಷ ಹಿಡಿತೈತ್ರಿ. ಎಲ್ಲೂ ಕೈ ನಡುಗಿಲ್ಲ."

ಆಕೆಯ ಮುಖ ಅರಳಿತು. "ಅದಕ್ಕ ನೋಡ್ರಿ ನಾ ಇದನ್ನ ಆರಿಸಿದ್ದು! ಇವರು ಇಟ್ಟಂಗಿ ಡಿಜೈನ ತಗೊಳ್ಳೋಣು ಅಂತಿದ್ರು. ಆ ಕುತ್ತಿಗಿ ನೋಡಿನ ನಾ ಬ್ಯಾರೆ ಯಾವುದೂ ಬ್ಯಾಡ ಅಂದೆ. ಇಷ್ಟ ದಿನ ಆತು, ಒಬ್ಬರ ಕಣ್ಣಿಗೂ ಅದು ಬಿದ್ದಿಲ್ಲ." ಗಂಡನ ಕಡೆ ತಿರುಗಿ, "ಕೇಳಿದ್ರಿಲ್ಲ?" ಎಂದರು. ಆಮೇಲೆ ಖಾಸೀಂಸಾಬರಿಗೆ, "ಊಟ ಮಾಡಕೊಂಡ ಹೋಗ್ರಿ ಭಾಯಿ. ಹುಡುಗಿ ನಮಗ ಅವತ್ತ ಮನಸಿಗೆ ಬಂದಿದ್ಳು" ಎಂದರು. ಬಸ್ಸಿನಲ್ಲಿ ಮರಳಿ ಬರುವಾಗ ಸವಣೂರಿನಲ್ಲಿ ಇಳಿಯುವ ಮುಂಚೆ ಖಾಸೀಂಸಾಬರು ನನ್ನ ಕೈ ಹಿಡಿದು ಒಮ್ಮೆ ಒತ್ತಿ ಬಿಟ್ಟರು. ಅವರ ಕೈಗೆ ಯಾವಾಗಲೂ ಓಮದ ವಾಸನೆ.

ಸಮೀನಾಳ ಶೀಟು ಬಂತು. ಸಾಗವಾನಿ, ಆಕಾಶ ನೀಲಿ, ಬಂಗಾರದ ಪಟ್ಟಿ, ನವಿಲು ಎರಡು. ಅದು ಚಂದವಾಗಿದೆ ಎಂದು ನಾನು ಇಲ್ಲಿ ಬರೆದರೆ ನೀವು ನಂಬುವುದಿಲ್ಲ, ನಂಬಲೂಬಾರದು. ಆದರೆ ನಿಶ್ಚಿತಾರ್ಥದ ದಿನ ಅದರ ಮುಂದೆ ಆ ಹುಡುಗಿ ಹಸಿರು ಬಟ್ಟೆಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವಾಗ ಗೋಡೆಯನ್ನು ನೋಡಬೇಕೆಂದು ನನಗೆ ನೆನಪಾಗಲಿಲ್ಲ. ಮಳೆಗಾಲ ಬಂತು. ಪಡುವಣದ ಮಳೆ ನವಿಲಿಗೆ ಬಡಿದು ಕೆಳಗಿಳಿದು ಹೋಯಿತು. ಅಜ್ಜಿಯ ಹಾಸಿಗೆ ಒಲೆಯ ಮುಂದೆ ಬರಲಿಲ್ಲ. ರೋಗಿಗಳು ಬರುವುದು ನಿಂತದ್ದರಿಂದ ಅಜ್ಜಿಗೆ ಸ್ವಲ್ಪ ಬೇಜಾರಾಯಿತು, ಅಷ್ಟೆ. ನಿಶ್ಚಿತಾರ್ಥದ ದಿನವೇ ಬೀಗರ ಕಡೆಯ ಹೆಂಗಸರು ನಮ್ಮ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಪಾಪ, ಮಾಸ್ತರ ಮನೀಗೆ ಇನ್ನೂ ಏನೂ ಹಾಕ್ಸಿಲ್ಲ. ಪಗಾರ ಸರಿ ಬರಾಂಗಿಲ್ಲೇನೋ" ಎಂದು ಮಾತಾಡಿದ್ದು ಗಿರಿಜಾಳ ಕಿವಿಗೆ ಬಿತ್ತು. ಆ ರಾತ್ರಿಯ ಸಾರಿಗೆ ಉಪ್ಪು ಇರಲಿಲ್ಲ.

ಹಾಗಾದರೆ ನಾನು ಆರಿಸಿದ ಕೆನೆ ಬಣ್ಣದ ಶೀಟು ಏನಾಯಿತು ಎಂದು ಕೇಳುತ್ತೀರಿ. ಮುರಿಯದಂತೆ ಬಿಚ್ಚಿದ್ದರು. ಅರ್ಧದಷ್ಟು ಖಾಸೀಂಸಾಬರು ಖಾರ ಪೊಟ್ಟಣ ಕಟ್ಟುವ ಕೋಣೆಗೆ ಹೊಡೆಸಿದರು. ಉಳಿದದ್ದನ್ನು ಕೈಗಾಡಿಯಲ್ಲಿ ಹಾಕಿಕೊಂಡು ತಾವೇ ನಮ್ಮ ಮನೆಗೆ ತಂದರು. "ನಿಮ್ಮ ಮನಸಿಗೆ ಬಂದದ್ದು ಸರ, ನಿಮ್ಮ ಹಂತ್ಯಾಕ ಇರಲಿ" ಎಂದರು. ಅವರ ಮುಖದಲ್ಲಿ ಕುಹಕ ಏನಾದರೂ ಇದೆಯೇ ಎಂದು ಹುಡುಕಿದೆ, ಪ್ರೀತಿಯೊಂದೇ ಇತ್ತು. ಬೇಡ ಎನ್ನಲಾಗಲಿಲ್ಲ. ಗಿರಿಜಾ ಅವನ್ನು ಅಳೆದು ನೋಡಿ, ಬಚ್ಚಲುಮನೆಗೆ ಹೊಡೆಸಿದಳು. ಸರಿಯಾಗಿ ಸಾಕಾಯಿತು, ಒಂದು ಚೂರೂ ಉಳಿಯಲಿಲ್ಲ.

ಈಗ ದಿನಾ ಮುಂಜಾನೆ ನಾನು ನಾಲ್ಕೂ ಕಡೆ ನನ್ನದೇ ಅಭಿರುಚಿಯನ್ನು ನಿಲ್ಲಿಸಿಕೊಂಡು, ಅದರ ನಡುವೆ ಬರಿಮೈಯಲ್ಲಿ ನಿಂತು, ತಲೆಯ ಮೇಲೆ ನೀರು ಸುರಿದುಕೊಳ್ಳುತ್ತೇನೆ. ಮೊನ್ನೆ ಗಿರಿಜಾ ಅದನ್ನು ತೊಳೆದು ಹೊರಗೆ ಬಂದಳು. ಮುಖದಲ್ಲಿ ಸಂತೋಷವಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನ ಆಯ್ಕೆಯನ್ನು ಮನಸಾರೆ ಹೊಗಳಿದ್ದು ಅದೊಂದೇ ಸಲ.

"ಏನ ಅನ್ನ್ರಿ," ಎಂದಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನಿಮ್ಮ ಟೇಸ್ಟು ತಿಕ್ಕಾಕ ಭಾಳ ಸಲೀಸ."